ಕರಿಹಲಗೆಯ ಬಾಣಗಳು

“ಒರೆಸಬ್ಯಾಡ್ರಿ ಟೀಚರ್. ನಾಳೆ ತನಕ ಹಂಗೇ ಇರ್ಲಿ ಅಂದಾರೆ ಪೊಲೀಸ್ರು.”

ಬಾಗಿಲಲ್ಲಿ ನಿಂತು ಹೇಳಿದವಳು ನಯನಾ. ಹಜೀರಾಬೀ ಒರೆಸಲು ಹೋಗಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು ಕರಿಹಲಗೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಮೂರನೆಯ ಸಾಲಿನ ಒಂದು ಪದದ ಹಿಂದೆ ಸೀಮೆಸುಣ್ಣದ ಮಬ್ಬು ಹೊಗೆಯ ಹಾಗೆ ಹರಡಿತ್ತು. ಉಳಿದ ಯಾವ ಪದದ ಹಿಂದೆಯೂ ಅದು ಇರಲಿಲ್ಲ.

ಆ ಸಾಲುಗಳನ್ನು ಬರೆದವಳು ಪೂಜಾ. ನಯನಾಳ ವಾರಗಿತ್ತಿ, ನಿಟುವಳ್ಳಿಯ ಈ ಮನೆಯ ಕಿರಿಯ ಸೊಸೆ. ಕಳೆದ ಶುಕ್ರವಾರ ಸಂಜೆ ಟ್ಯೂಷನ್ ಮಕ್ಕಳನ್ನು ಕಳಿಸಿ, ಹರಿಹರದ ತವರಿಗೆ ಹೋಗಿಬರುತ್ತೇನೆಂದು ಸ್ಕೂಟರ್ ಹತ್ತಿದವಳು ಅಲ್ಲಿಗೂ ಮುಟ್ಟಲಿಲ್ಲ, ಇಲ್ಲಿಗೂ ಮರಳಲಿಲ್ಲ. ಸ್ಕೂಟರ್ ಮಾತ್ರ ಹರಿಹರದ ಹಳೇ ಸೇತುವೆಯ ಪಕ್ಕ ಸಿಕ್ಕಿತು.

ಪೊಲೀಸರ ಮಟ್ಟಿಗೆ ಕತೆ ಮುಗಿದಂತಿತ್ತು. ಬೆಳಿಗ್ಗೆ ಹಜೀರಾಬೀ ಠಾಣೆಗೆ ಹೋದಾಗ ಸಬ್ ಇನ್ಸ್‌ಪೆಕ್ಟರ್ ತಿಪ್ಪೇಶ್ ತನ್ನ ಮೊಬೈಲಿನಲ್ಲಿ ಇದೇ ಬೋರ್ಡಿನ ಫೋಟೋ ತೋರಿಸಿದ್ದ. ಶನಿವಾರ ಬೆಳಿಗ್ಗೆ, ಮಕ್ಕಳು ಬರುವ ಮೊದಲೇ ತೆಗೆದದ್ದು. ಮೂರನೆಯ ಸಾಲನ್ನು ಬೆರಳಿನಲ್ಲಿ ದೊಡ್ಡದು ಮಾಡಿ ಅವರ ಮುಂದೆ ಹಿಡಿದಿದ್ದ. ‘ದಿ ವುಮನ್ ವಾಕ್ಡ್ ಸ್ಲೋಲಿ ಇನ್ಟು ದಿ ರಿವರ್.’ ಹೆಂಗಸು ನಿಧಾನವಾಗಿ ಹೊಳೆಯೊಳಗೆ ನಡೆದಳು. ಇದಕ್ಕಿಂತ ಬೇರೆ ಏನು ಬೇಕು ಎಂದು ಕೇಳಿದ್ದ. ಹೊಳೆಯಲ್ಲಿ ಹುಡುಕುವವರು ನಾಳೆ ದೋಣಿ ಎತ್ತುತ್ತಾರೆ, ಆತ್ಮಹತ್ಯೆ ಎಂದು ಬರೆದು ಫೈಲು ಮುಚ್ಚುತ್ತೇವೆ ಎಂದೂ ಹೇಳಿದ್ದ.

ಫೈಲು ಮುಚ್ಚಿದರೆ ಪೂಜಾ ಎಲ್ಲಿದ್ದಾಳೆಂದು ಹುಡುಕುವವರು ಯಾರೂ ಉಳಿಯುವುದಿಲ್ಲ. ಬದುಕಿದ್ದರೂ ಅಷ್ಟೆ, ಸತ್ತಿದ್ದರೂ ಅಷ್ಟೆ. ಹರಿಹರದಲ್ಲಿ ಪೂಜಾಳ ತಾಯಿ ಅಂಜಿನವ್ವ ಶುಕ್ರವಾರದಿಂದ ಮನೆಯ ಬಾಗಿಲಿಗೆ ಅಗುಳಿ ಹಾಕಿಲ್ಲ. ಮಗಳು ಬಂದು ತಟ್ಟಿದಾಗ ತನಗೆ ಕೇಳಿಸದಿದ್ದರೆ ಎಂಬ ಭಯ. ಆಕೆಯೇ ಹಜೀರಾಬೀಯ ಮನೆಗೆ ಬಂದು ಹೊಸ್ತಿಲ ಮೇಲೆ ಕೂತು, ನೀವು ಅಕ್ಷರ ಕಲಿಸಿದ ಹುಡುಗಿ, ಇದ್ದಾಳೋ ಇಲ್ಲವೋ ನೀವೇ ಹೇಳಬೇಕು ಎಂದಿದ್ದಳು.

ಹಜೀರಾಬೀ ನಿವೃತ್ತಿಯ ತನಕ ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಪೂಜಾ ಮತ್ತು ನಯನಾ ಇಬ್ಬರೂ ಅವರ ಕೈಯಲ್ಲೇ ಕಲಿತವರು, ಒಂದೇ ಬೆಂಚಿನವರು. ನಯನಾ ಮೊದಲು ಈ ಮನೆಯ ಹಿರಿಮಗ ರುದ್ರಮುನಿಯ ಕೈ ಹಿಡಿದು ಬಂದಳು. ಆಮೇಲೆ ತಾನೇ ಮುಂದೆ ನಿಂತು ಗೆಳತಿಯನ್ನು ಮೈದುನ ಸಂತೋಷನಿಗೆ ತಂದುಕೊಂಡಳು.

ಆ ಸಂತೋಷ ಈಗ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಹಜೀರಾಬೀ ಬಂದಾಗ ತಿರುಗಿಯೂ ನೋಡಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಅವರನ್ನು ಬೈಕಿನಲ್ಲಿ ಕರೆತಂದವನು ರುದ್ರಮುನಿ. ದಾರಿಯಲ್ಲಿ ಗುಂಡಿ ಬಂದಲ್ಲೆಲ್ಲ ಗಾಡಿ ನಿಧಾನ ಮಾಡಿ, ಗಟ್ಟಿ ಹಿಡಕೊಳ್ಳಿ ಟೀಚರ್ ಎಂದಿದ್ದ. ದಿನವೂ ಹೊಳೆಯ ದಂಡೆಗೆ ಹೋಗಿ ದೋಣಿಯವರಿಗೆ ಚಹಾ ಕೊಡಿಸಿ ಬರುವವನು ಅವನೇ ಅಂತೆ. ಅವರನ್ನು ಮನೆಯ ಮುಂದೆ ಇಳಿಸಿ, ಮಠದ ಅಯ್ಯನವರನ್ನು ಕಂಡು ಬರುತ್ತೇನೆಂದು ಮತ್ತೆ ಹೊರಟುಹೋಗಿದ್ದ.

ಹಜೀರಾಬೀ ಮಕ್ಕಳ ಚಾಪೆಯ ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕೂತರು. ಬೋರ್ಡಿನ ಮೇಲೆ ಐದು ಸಾಲುಗಳು. ಎಲ್ಲದರಲ್ಲೂ ನೀಲಿ ಚೌಕಗಳು, ಹಳದಿ ಸುತ್ತುಗಳು. ಅವನ್ನು ನೋಡುತ್ತಿದ್ದರೆ ತಮ್ಮದೇ ಹಳೆಯ ತರಗತಿಗೆ ಬಂದು ಕೂತ ಹಾಗಿತ್ತು.

ಆ ಪಾಠವನ್ನು ಅವರು ಹೊಳೆಯಿಂದಲೇ ಶುರು ಮಾಡುತ್ತಿದ್ದರು. ಕಿಟಕಿಯಿಂದ ತುಂಗಭದ್ರೆ ಕಾಣುತ್ತಿತ್ತು. ನಮ್ಮ ಮಾತಿನಲ್ಲಿ ‘ಹೊಳೆಗೆ’ ಎಂದರೆ ಮುಗಿಯಿತು, ಗುರುತು ಪದದ ಬಾಲದಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಅದು ‘ಇನ್ಟು’ ಎಂದು ಪದದ ಮುಂದೆ ಬಂದು ಬಾಗಿಲು ಕಾಯುವವರ ಹಾಗೆ ನಿಂತುಕೊಳ್ಳುತ್ತದೆ. ಅದರ ಹಿಂದೆ ಇರುವವರೆಲ್ಲ ಒಂದು ಮನೆಯವರು, ಆ ಗುಂಪಿನ ಸುತ್ತ ಚೌಕ ಹಾಕಿ, ಅದು ಪ್ರಿಪೊಸಿಷನಲ್ ಫ್ರೇಜ್. ಒಬ್ಬಂಟಿಯಾಗಿ ನಿಂತು ‘ಹೇಗೆ’ ಎಂದು ಹೇಳುವ ಆ್ಯಡ್‌ವರ್ಬಿಗೆ ಸುತ್ತು ಹಾಕಿ. ಗುರುತು ಸಿಗದಿದ್ದರೆ ಕ್ರಿಯಾಪದದ ಹತ್ತಿರ ಹೋಗಿ ಕೇಳಿ: ಎಲ್ಲಿ, ಯಾವಾಗ, ಹೇಗೆ?

ತಿಪ್ಪೇಶ್ ಕೂಡ ಇಷ್ಟನ್ನೇ ಕೇಳಿದ್ದ. ಎಲ್ಲಿಗೆ ಹೋದಳು, ಹೊಳೆಗೆ. ಯಾವಾಗ, ಸಂಜೆ. ಹೇಗೆ, ಒಬ್ಬಳೇ. ಎಲ್ಲದಕ್ಕೂ ಉತ್ತರ ಸಿಕ್ಕಿತ್ತು. ‘ಯಾಕೆ’ ಎನ್ನುವುದನ್ನು ಯಾರೂ ಕೇಳಿದಂತಿರಲಿಲ್ಲ. ಮನೆಯಿಂದ ಹೊರಡುವ ಹೆಂಗಸನ್ನು ಯಾವಾಗಲೂ ಕೇಳುವುದು ಮೊದಲ ಮೂರನ್ನೇ ಅಲ್ಲವೇ ಎಂದುಕೊಂಡರು ಹಜೀರಾಬೀ. ಈ ಬೆಳಿಗ್ಗೆ ಬುರ್ಖಾ ಹಾಕಿಕೊಳ್ಳುವಾಗ ಅವರ ಗಂಡ ಬುಡನ್ ಸಾಬ್ ಕೂಡ ಪೇಪರಿನಿಂದ ತಲೆ ಎತ್ತದೆ ಕೇಳಿದ್ದು ಅವನ್ನೇ. ಒಳ್ಳೆಯ ಮನುಷ್ಯ. ಆದರೂ ಯಾಕೆ ಹೋಗುತ್ತೀ ಎಂದು ಕೇಳಿದ್ದರೆ, ತಮ್ಮ ಎದೆಯಲ್ಲಿ ಕೂತ ಕಲ್ಲಿನ ವಿಷಯ ಹೇಳಿಕೊಳ್ಳಬಹುದಿತ್ತು.

“ನಯನಾ, ಬಣ್ಣದ ಚಾಕ್‌ಪೀಸ್ ಎಲ್ಲಿ ಇಡ್ತಿದ್ದಳು ಪೂಜಾ?”

ನಯನಾ ಗೋಡೆಯ ಕೆಳಗಿನ ಗೂಡಿನಿಂದ ಒಂದು ತಗಡಿನ ಡಬ್ಬಿ ತಂದುಕೊಟ್ಟಳು. ಗೂಡು ಮೊಣಕಾಲಿನ ಎತ್ತರದಲ್ಲಿತ್ತು.

ಅದು ಅಲ್ಲೇ ಏಕಿದೆ ಎಂಬುದು ಹಜೀರಾಬೀಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಬಂದಾಗ ಪೂಜಾ ತನ್ನ ಕ್ಲಾಸು ತೋರಿಸಿದ್ದಳು. ಸಂಜೆಯೇ ಮರುದಿನದ ಸಾಲುಗಳನ್ನು ಬಿಳಿಯಲ್ಲಿ ಬರೆದಿಡುತ್ತಾಳೆ. ಬೆಳಿಗ್ಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಚೌಕ, ಸುತ್ತು ಹಾಕುತ್ತಾರೆ. ಬಣ್ಣದ ಚಾಕ್‌ಪೀಸನ್ನು ತಾನು ಮುಟ್ಟುವುದೇ ಇಲ್ಲ, ಅದು ಮಕ್ಕಳ ಹಕ್ಕು, ಅದನ್ನು ಹಿಡಿಯುವ ಆಸೆಗೇ ಓಡಿ ಬರುತ್ತವೆ ಎಂದು ನಕ್ಕಿದ್ದಳು. ನಗುವಾಗ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಎರಡು ಬೆರಳು ಕಪ್ಪಾಗಿ ಊದಿದ್ದವು. ಬಾಗಿಲಿಗೆ ಸಿಕ್ಕಿತು ಟೀಚರ್ ಎಂದಿದ್ದಳು.

ಶನಿವಾರ ಮಕ್ಕಳು ಬರುವ ಮೊದಲೇ ಫೋಟೋ ತೆಗೆದಿದ್ದಾರೆ. ಅದರಲ್ಲೂ ಈ ಚೌಕ, ಸುತ್ತುಗಳಿದ್ದವು. ಹಾಗಿದ್ದರೆ ಇಷ್ಟೆಲ್ಲ ಬಣ್ಣ ಹಾಕಿದವರು ಯಾರು?

ಹಜೀರಾಬೀ ಚಾಪೆಯ ಮೇಲೆ ಬಿದ್ದಿದ್ದ ಒಂದು ಸ್ಲೇಟು ಎತ್ತಿಕೊಂಡರು. ಬಿಳಿಯಲ್ಲಿ ಒಂದು ಸಾಲು ಬರೆದು, ನಯನಾಳನ್ನು ಚಾಪೆಯ ಮೇಲೆ ಕೂರಿಸಿ ಅವಳ ಮಡಿಲಿಗಿಟ್ಟರು. ‘ನಯನಾ ಸ್ಟುಡ್ ಸೈಲೆಂಟ್ಲಿ ಬಿಹೈಂಡ್ ದಿ ಡೋರ್.’ ನಯನಾ ಬಾಗಿಲ ಹಿಂದೆ ಸದ್ದಿಲ್ಲದೆ ನಿಂತಿದ್ದಳು.

“ಮಾಡು ನೋಡೋಣ. ಮರೆತಿಲ್ಲ ತಾನೆ?”

ನಯನಾ ಸಣ್ಣಗೆ ನಕ್ಕಳು. ಇಷ್ಟು ದಿನದ ಅಳುವಿನಿಂದ ಬಾತಿದ್ದ ಆ ಮುಖದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಒಮ್ಮೆ ಇಣುಕಿ ಹೋದಳು. ನೀಲಿಯಲ್ಲಿ ‘ಬಿಹೈಂಡ್ ದಿ ಡೋರ್’ ಸುತ್ತ ಚೌಕ. ಹಳದಿಯಲ್ಲಿ ‘ಸೈಲೆಂಟ್ಲಿ’ಗೆ ಸುತ್ತು. ಆಮೇಲೆ, ಕೇಳದೆಯೇ, ಎರಡರಿಂದಲೂ ಕ್ರಿಯಾಪದದ ಕಡೆಗೆ ಒಂದೊಂದು ಪುಟ್ಟ ಬಾಣ.

ಹಜೀರಾಬೀ ಸ್ಲೇಟನ್ನು ತೆಗೆದುಕೊಂಡು ಬೋರ್ಡಿನ ಕೆಳಗೆ ಒರಗಿಸಿ ಇಟ್ಟರು.

ಬೋರ್ಡಿನ ಐದೂ ಸಾಲಿನಲ್ಲಿ ಅದೇ ಬಾಣಗಳಿದ್ದವು. ಅದೇ ಬಾಗು, ಅದೇ ಚೂಪು.

“ಈ ಬಾಣ ನಾನು ಕಲಿಸಿದ್ದು,” ಎಂದರು ಮೆಲ್ಲಗೆ. “ಪೂಜಾ ಅದನ್ನ ಬಿಟ್ಟು ವರ್ಷಗಳೇ ಆದವು. ಸಣ್ಣ ಮಕ್ಕಳು ಗಲಿಬಿಲಿ ಆಗ್ತಾರೆ ಅಂತ ನನ್ನ ಹತ್ರನೇ ಹೇಳಿದ್ಲು. ಈ ಮನೇಲಿ ನನ್ನ ಕೈಯಾಗೆ ಕಲ್ತೋರು ಇನ್ನು ಯಾರದಾರೆ ನಯನಾ?”

ನಯನಾ ಎದ್ದು ಹೋಗಿ ಒಳಬಾಗಿಲನ್ನು ಮುಂದಕ್ಕೆ ಮಾಡಿದಳು. ಅಡುಗೆಮನೆಯಿಂದ ಅತ್ತೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅದು ನಿಲ್ಲುವುದೇನೋ ಎಂದು ಕಿವಿಗೊಟ್ಟು, ನಿಲ್ಲಲಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದು ಚಾಪೆಯ ಮೇಲೆ ಕುಸಿದಳು.

“ಮೂರನೇ ಸಾಲಿನಾಗೆ ಮೊದಲು ಏನಿತ್ತು ಅಂತ ನಾ ಹೇಳಲೇನು? ಎಮ್ಮೆ.”

ಆ ಸಾಲು ಹಜೀರಾಬೀಯದೇ. ಎಮ್ಮೆ ನಿಧಾನವಾಗಿ ಹೊಳೆಯೊಳಗೆ ನಡೆಯಿತು. ಕಿಟಕಿಯಿಂದ ದಿನವೂ ಕಾಣುತ್ತಿದ್ದ ನೋಟ. ತರಗತಿ ಪ್ರತಿ ವರ್ಷ ಅಲ್ಲಿಗೆ ಬಂದಾಗ ನಗುತ್ತಿತ್ತು, ಆ ನಗುವಿನಲ್ಲೇ ಪಾಠ ತಲೆಗೆ ಇಳಿಯುತ್ತಿತ್ತು. ಪೂಜಾ ಅದನ್ನು ಹಾಗೇ ಇಟ್ಟುಕೊಂಡಿದ್ದಳು. ಯಾರೋ ಎಮ್ಮೆಯನ್ನು ಒರೆಸಿ ಅಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು.

“ಒಂದು ಪದ ಬದಲು ಮಾಡಾಕ ಹೋದೆ ಟೀಚರ್,” ಎಂದಳು ನಯನಾ. “ಅಷ್ಟು ಸಾಕಿತ್ತು. ಆದ್ರೆ ಬಣ್ಣದ ಡಬ್ಬಿ ಕಣ್ಣಿಗೆ ಬಿತ್ತು. ಕೈಗೆ ತಗಂಡೆ. ಆಮ್ಯಾಲೆ ಕೈ ನಿಲ್ಲಲಿಲ್ಲ.”

ಅವಳು ಹೇಳಿದ್ದನ್ನು ಹಜೀರಾಬೀ ನಡುವೆ ಬಾಯಿ ಹಾಕದೆ ಕೇಳಿದರು. ಪಿಯುಸಿ ಮುಗಿಯುವ ಮುಂಚೆಯೇ ಅವಳಿಗೆ ಮದುವೆಯಾಗಿತ್ತು. ಇಬ್ಬರಲ್ಲಿ ಜಾಣೆ ಅವಳು, ಓದಿದವಳು ಪೂಜಾ. ಮುಂದಿನ ಕೋಣೆಯಲ್ಲಿ ಟ್ಯೂಷನ್ ನಡೆಯುವಾಗ ನಯನಾ ಈ ಒಳಬಾಗಿಲ ಹಿಂದೆ ಕೂತು ಕಾಯಿಪಲ್ಯ ಹೆಚ್ಚುತ್ತಿದ್ದಳು. ಮಕ್ಕಳಿಗಿಂತ ಮೊದಲೇ ಉತ್ತರವನ್ನು ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಬೋರ್ಡನ್ನು ಕೇಳಿಸಿಕೊಂಡಿದ್ದಳೇ ಹೊರತು ಅದರ ಮುಂದೆ ಎಂದೂ ನಿಂತಿರಲಿಲ್ಲ. ಆ ಶುಕ್ರವಾರ ಸಂಜೆ ಖಾಲಿ ಕೋಣೆಯಲ್ಲಿ ಮೊದಲ ಸಲ ನಿಂತಳು. ಗೆಳತಿಯ ಸಾವನ್ನು ಬರೆಯಲು ಬಂದವಳು ಎಲ್ಲವನ್ನೂ ಮರೆತು, ಐದೂ ಸಾಲನ್ನು ಒಂದೂ ತಪ್ಪಿಲ್ಲದೆ ಮುಗಿಸಿ, ಹಿಂದೆ ಸರಿದು ನೋಡಿ ಸಂತೋಷಪಟ್ಟಳು.

“ಅವತ್ತು ನನಗೆ ಎಷ್ಟು ಖುಷಿ ಆತು ಅಂದ್ರೆ, ಹೇಳಾಕ ನಾಚಿಕೆ ಆಗ್ತೈತೆ ಟೀಚರ್.”

ಹಜೀರಾಬೀಗೆ ಅವಳ ತಲೆಯ ಮೇಲೆ ಕೈಯಿಡಬೇಕೆನಿಸಿತು, ಇಡಲಿಲ್ಲ. ಈಗ ಸಮಾಧಾನ ಹೇಳಿದರೆ ಇವಳು ಅತ್ತುಬಿಡುತ್ತಾಳೆ, ಮಾತು ಅಲ್ಲಿಗೇ ನಿಲ್ಲುತ್ತದೆ.

“ಯಾಕ ಬದಲು ಮಾಡಿದಿ?”

ಕೊನೆಗೂ ಯಾರೋ ಅದನ್ನು ಕೇಳಿದರೆಂಬಂತೆ ನಯನಾ ತಲೆ ಎತ್ತಿದಳು.

“ಪೂಜಾನ ಕೈ ಬಾಗಿಲಿಗೆ ಸಿಗಲಿಲ್ಲ ಟೀಚರ್. ಬಾಗಿಲನ್ನ ಹಾಕಿದ್ರು. ಕೈ ಅಲ್ಲೈತೆ ಅಂತ ನೋಡಿಕೊಂಡೇ ಹಾಕಿದ. ಆಮ್ಯಾಲೆ ಅತ್ತಾನೂ ಅತ್ತ.”

ಯಾರೆಂದು ಹೇಳಬೇಕಾಗಿರಲಿಲ್ಲ. ಹಜೀರಾಬೀ ಸಂತೋಷ ಮಲಗಿದ್ದ ಕೋಣೆಯ ದಿಕ್ಕಿಗೆ ನೋಡಿದರು.

ಪೂಜಾ ಎರಡು ಸಲ ತವರಿಗೆ ಹೋಗಿದ್ದಳು. ಎರಡು ಸಲವೂ ಹಿರಿಯರು ಕಾರು ಮಾಡಿಕೊಂಡು ಹೋಗಿ, ಅಂಜಿನವ್ವನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಕರೆತಂದಿದ್ದರು. ಮೂರನೆಯ ಸಲ ಎಲ್ಲಿಗೆ ಹೋಗುವುದೆಂದು ವಾರಗಿತ್ತಿಯರಿಬ್ಬರೂ ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ ತಿಂಗಳುಗಟ್ಟಲೆ ಮಾತಾಡಿಕೊಂಡರು.

“ತವರಿಗೆ ಹೋದ್ರೆ ಕರ್ಕೊಂಡ್ ಬರ್ತಾರೆ. ಸತ್ತೋದ್ರೆ ಯಾರೂ ಕರ್ಯಾಕ ಬರಲ್ಲ ಅಂದ್ಲು ಪೂಜಾ. ನಗ್ತಾನೇ ಅಂದಿದ್ದು. ಆಮ್ಯಾಲೆ ಇಬ್ರೂ ನಗೋದು ಬಿಟ್ವಿ.”

ಸ್ಕೂಟರನ್ನು ಹರಿಹರದ ಹಳೇ ಸೇತುವೆಯ ಬಳಿ ಬಿಡುವುದು, ಫೋನನ್ನು ಅದರ ಡಿಕ್ಕಿಯಲ್ಲೇ ಇಡುವುದು. ಅಲ್ಲಿಂದ ಬಸ್ಸು ಹಿಡಿದು ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗುಡಿಯಲ್ಲಿ ಇರುವುದು. ಸೇವೆಗೆಂದು ಬಂದು ವಾರಗಟ್ಟಲೆ ಉಳಿಯುವ ಹೆಂಗಸರು ಅಲ್ಲಿ ಬೇಕಾದಷ್ಟು, ಒಬ್ಬಳೇ ಏಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಸೋಮವಾರ ನಯನಾ ಹರಕೆಯ ನೆಪದಲ್ಲಿ ಬಂದು ಕೈಗೆ ದುಡ್ಡು ಕೊಟ್ಟು, ಮುಂದೆ ಯಾವ ಊರೆಂದು ಅಲ್ಲೇ ತೀರ್ಮಾನಿಸುವುದು. ಅಂಜಿನವ್ವನಿಗೆ ಆಮೇಲೆ ಗುಟ್ಟಾಗಿ ತಿಳಿಸುವುದು.

ಹಜೀರಾಬೀಯ ಎದೆಯ ಕಲ್ಲು ಮೊದಲ ಬಾರಿಗೆ ಅಲುಗಿತು. “ಅಂದ್ರೆ ಹುಡುಗಿ ಬದುಕ್ಯಾಳೆ.”

ನಯನಾ ಚಾಪೆಯ ಎಳೆಯೊಂದನ್ನು ಕೀಳತೊಡಗಿದಳು.

“ನಯನಾ?”

“ಸೋಮವಾರ ಹೋಗಿದ್ದೆ ಟೀಚರ್. ನಮ್ಮನೆಯವರೇ ಕರ್ಕೊಂಡ್ ಹೋಗಿದ್ರು. ಗುಡಿ ಸುತ್ತ ಹುಡುಕಿದೆ, ಹೊಳೆ ಮೆಟ್ಟಿಲ ಮ್ಯಾಲೆ ಹುಡುಕಿದೆ. ಕಾಯಿ ಮಾರೋ ಅಜ್ಜಿಗೆ ಗುರುತು ಹೇಳಿ ಕೇಳಿದೆ. ಪೂಜಾ ಅಲ್ಲಿಗೆ ಹೋಗೇ ಇಲ್ಲ.”

ಹೊರಗೆ ತರಕಾರಿಯವನು ಕೂಗುತ್ತಾ ಹೋದ. ಹಜೀರಾಬೀ ಬೋರ್ಡನ್ನೇ ನೋಡುತ್ತಾ ಕೂತರು. ಯಾರೂ ಹುಡುಕದಿರಲಿ ಎಂದು ನಯನಾ ಬರೆದ ಸುಳ್ಳನ್ನು ಪೊಲೀಸರು ನಂಬಿದ್ದರು. ಪೂಜಾ ಈಗ ನಿಜವಾಗಿಯೇ ಕಳೆದುಹೋಗಿದ್ದಳು. ನಾಳೆಯಿಂದ ಅವಳನ್ನು ಯಾರೂ ಹುಡುಕುವುದಿಲ್ಲ.

“ನಿಜ ಹೇಳಿದ್ರೆ ನನ್ನ ಈ ಮನೇಲಿ ಉಳಿಸ್ತಾರೇನ್ರಿ?” ಎಂದಳು ನಯನಾ. “ಹೇಳದಿದ್ರೆ ಅವಳು ಎಲ್ಲಿದ್ದಾಳೋ ಅಲ್ಲೇ...”

“ತಿಪ್ಪೇಶನ ಹತ್ರ ನಾನೂ ಬರ್ತೀನಿ. ಇವತ್ತೇ ಹೋಗೋಣ. ಅದಕ್ಕೂ ಮೊದಲು ನನಗೊಂದು ಹೇಳು. ಅವಳನ್ನ ಕಡೇಗೆ ನೋಡಿದ್ದು ನೀನೇ. ಎಲ್ಲಿ, ಹೆಂಗೆ, ಒಂದೂ ಬಿಡಬ್ಯಾಡ.”

ನಯನಾ ಕಣ್ಣು ಮುಚ್ಚಿಕೊಂಡು ಹೇಳಿದಳು. ಹಿತ್ತಲ ಗೇಟಿನ ಹತ್ತಿರ. ಸಂತೋಷ ಅಂಗಡಿಯಲ್ಲಿದ್ದ, ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಪೂಜಾ ಕಡುನೀಲಿ ಸೀರೆ ಉಟ್ಟಿದ್ದಳು. ಸ್ಕೂಟರ್ ಚಾಲೂ ಮಾಡುವಾಗ ಕೊರಳಿನ ಶಿವದಾರ ತುಂಡಾಗಿ, ಲಿಂಗದ ಬೆಳ್ಳಿ ಕರಡಿಗೆ ಕೈಗೆ ಬಂತು. ಹೊರಡುವ ಹೊತ್ತಿಗೆ ಹೀಗಾಯಿತಲ್ಲ ಎಂದು ಮುಖ ಸಣ್ಣದು ಮಾಡಿದಳು. ನಯನಾ ಓಡಿಹೋಗಿ, ತಾನು ತನಗೆಂದು ಹೆಣೆದಿಟ್ಟುಕೊಂಡಿದ್ದ ಕೆಂಪು ಹಳದಿ ದಾರ ತಂದು ಕರಡಿಗೆಗೆ ಪೋಣಿಸಿದಳು.

“ನಾನೇ ಕೊರಳಿಗೆ ಕಟ್ಟಿದೆ ಟೀಚರ್. ಬಿಚ್ಚದಂಗೆ ಎರಡು ಗಂಟು ಹಾಕಿ. ಇದು ಮೈಮ್ಯಾಲೆ ಇರೋ ತನಕ ನಾನು ಜೊತೆಗಿದ್ದಂಗೆ ಅಂದೆ. ಹಂಗೇ ಹೋದ್ಲು.”

ರೊಟ್ಟಿ ಬಡಿಯುವ ಸದ್ದು ಯಾವಾಗಲೋ ನಿಂತಿತ್ತು. ಇಬ್ಬರೂ ಅದನ್ನು ಗಮನಿಸಿದ್ದು ಒಳಬಾಗಿಲು ತೆರೆದಾಗಲೇ.

ಅತ್ತೆ ಗುರುಶಾಂತಮ್ಮ ಒಳಗೆ ಬಂದರು. ಹಿಟ್ಟು ತೊಳೆದ ಒದ್ದೆ ಕೈ, ಅದರಲ್ಲಿ ಬಿಳಿ ವಸ್ತ್ರ ಮುಚ್ಚಿದ ಒಂದು ಹಿತ್ತಾಳೆ ತಟ್ಟೆ. ಮುದುಕಿ ಈ ವಾರದಲ್ಲಿ ಇಳಿದುಹೋಗಿದ್ದರು. ನಡೆಯುವಾಗ ಗೋಡೆ ಹಿಡಿಯುತ್ತಿದ್ದರು.

“ಕೂಡ್ರಿ ಟೀಚರ್, ಏಳಬ್ಯಾಡ್ರಿ. ರೊಟ್ಟಿ ತಿಂದೇ ಹೋಗ್ಬೇಕು ನೀವು.” ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. “ನಾಳೆ ದೋಣಿಯೋರು ಹೋಗ್ತಾರಂತೆ. ಮೈ ಅಂತೂ ಸಿಗಲಿಲ್ಲ. ಲಿಂಗನಾದ್ರೂ ಹೊಳೆಗೆ ಸೇರಿಸಿಬಿಡಾನ ಅಂದ್ರು ಅಯ್ನೋರು. ಅಂಜಿನವ್ವಗೂ ಹೇಳಿಕಳಿಸ್ಬೇಕು. ನೀವೇ ಹೇಳ್ರಿ, ನನ್ನ ಬಾಯಿಂದ ಬರಲ್ಲ.”

ಅವರು ವಸ್ತ್ರ ಸರಿಸಿದರು.

ವಿಭೂತಿಯ ಉಂಡೆ, ನಾಲ್ಕು ಬಿಲ್ವಪತ್ರೆ. ನಡುವೆ ಒಂದು ಬೆಳ್ಳಿಯ ಕರಡಿಗೆ. ಅದರ ಸುತ್ತ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದ ಕೆಂಪು ಹಳದಿ ದಾರ. ಎರಡು ಗಂಟೂ ಹಾಗೇ ಇದ್ದವು. ದಾರವನ್ನು ಗಂಟಿನ ಪಕ್ಕದಲ್ಲಿ ಯಾರೋ ಕತ್ತರಿಸಿದ್ದರು.

ನಯನಾಳ ಕೈ ಹಜೀರಾಬೀಯ ಮಣಿಕಟ್ಟನ್ನು ಹಿಡಿಯಿತು. ಬಳೆ ಮಾಂಸಕ್ಕೆ ಒತ್ತುವಷ್ಟು ಬಿಗಿಯಾಗಿ.

“ಸಾಯಾಕ ಹೊರಟೋಳು ಲಿಂಗ ಮನೇಲೇ ಬಿಟ್ಟು ಹೋಗ್ಯಾಳೆ ನೋಡ್ರಿ,” ಎಂದರು ಗುರುಶಾಂತಮ್ಮ, ಸೆರಗಿನಿಂದ ಕಣ್ಣೊತ್ತಿಕೊಂಡು. “ಅದನ್ನ ಕಂಡ ಮ್ಯಾಲೇ ನನಗೂ ಆಸೆ ಬಿಟ್ಟೋತು.”

ಹಜೀರಾಬೀ ತಮ್ಮ ದನಿಯನ್ನು ಹದಕ್ಕೆ ತಂದುಕೊಂಡು ಕೇಳಿದರು. “ಎಲ್ಲಿ ಸಿಕ್ತು ಅಮ್ಮಾ ಇದು?”

“ದೇವರ ಜಗಲಿ ಮ್ಯಾಲೆ ಇತ್ತಂತೆ. ನಾನು ನೋಡಿರಲಿಲ್ಲ. ಶನಿವಾರ ಬೆಳಿಗ್ಗೆ ದೊಡ್ಡವನೇ ಕಂಡು ತಂದುಕೊಟ್ಟ, ನಮ್ಮ ರುದ್ರಮುನಿ. ನಯನಾಗೆ ತೋರಿಸಬ್ಯಾಡ, ತಡಕೊಳ್ಳಲ್ಲ ಅಂದಿದ್ದ. ಅವನ ಮನಸ್ಸೇ ಅಂಥದು.”

ಅಂಗಳದಲ್ಲಿ ಬೈಕು ಬಂದು ನಿಂತಿತು. ಸ್ಟ್ಯಾಂಡ್ ಹಾಕಿದ ಸದ್ದು, ಚಪ್ಪಲಿ ಬಿಟ್ಟ ಸದ್ದು, ತೊಟ್ಟಿಯಿಂದ ನೀರು ಮೊಗೆದು ಕಾಲು ತೊಳೆದ ಸದ್ದು. ಯಾವುದರಲ್ಲೂ ಅವಸರವಿರಲಿಲ್ಲ.

“ನಯನಾ,” ಎಂದ ರುದ್ರಮುನಿ ಹೊರಗಿನಿಂದಲೇ, ಎಂದಿನ ಮೆತ್ತನೆಯ ದನಿಯಲ್ಲಿ. “ಟೀಚರ್‌ಗೆ ಚಾ ಕೊಟ್ಟೀಯೇನು?”